ಅದು ಬಂತೋ, ಅವರು ಬಂದರೋ

'ಬಾಗಿಲು ತೆರೆಯಿತು. ಒಳಗಿಂದ ಐದು...' ಅಲ್ಲಿಗೆ ನನ್ನ ಪೆನ್ನು ನಿಂತುಬಿಟ್ಟಿತು.

ಇಂಗ್ಲಿಷಿನ ಒಂದು ವೈಜ್ಞಾನಿಕ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೆ. ಎಲ್ಲಿಂದಲೋ ಒಂದು ನೌಕೆ ಬಂದು ಇಳಿಯುತ್ತದೆ. ಒಳಗಿಂದ ಐದು ಆಕಾರಗಳು ಹೊರಬರುತ್ತವೆ. ಅವು ಯಂತ್ರಗಳೋ, ಪ್ರಾಣಿಗಳೋ, ನಮ್ಮ ಹಾಗೆ ಯೋಚಿಸುವವರೋ ಅನ್ನುವುದು ಕೊನೆಯ ಪುಟದವರೆಗೆ ಗೊತ್ತಾಗಬಾರದು. ಕಥೆಯ ಜೀವ ಇರುವುದೇ ಅಲ್ಲಿ. ಇಂಗ್ಲಿಷಿನಲ್ಲಿ ಇದು ಸಲೀಸು. ಕಲ್ಲುಗಳಿಗೂ ಹಸುಗಳಿಗೂ ಮನುಷ್ಯರಿಗೂ ಸೇರಿ ಅಲ್ಲಿ ಒಂದೇ 'ದೇ'. ಕನ್ನಡ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. 'ಐದು ಹೊರಬಂದವು' ಅಂದರೆ ಅವು ನಮ್ಮಂಥವರಲ್ಲ ಎಂದು ಹೇಳಿದ ಹಾಗೆ. 'ಐವರು ಹೊರಬಂದರು' ಅಂದರೆ ಗುಟ್ಟು ಮೊದಲ ಸಾಲಿನಲ್ಲೇ ಬಯಲು. ಎಣಿಸುವ ಪದವೂ ಬೇರೆ, ಕ್ರಿಯಾಪದದ ಬಾಲವೂ ಬೇರೆ. ಬಾಗಿಲ ಹೊರಗೆ ನಿಂತವನು 'ಏನದು' ಅಂತ ಕೂಗಬೇಕೋ 'ಯಾರದು' ಅಂತ ಕೂಗಬೇಕೋ, ಅದನ್ನೂ ನಾನೇ ಮೊದಲೇ ತೀರ್ಮಾನ ಮಾಡಬೇಕು.

ಒಂದು ವಾರ ಉಪಾಯ ಹುಡುಕಿದೆ. 'ಗುಂಪು ಹೊರಬಂತು' ಅಂತ ಬರೆದೆ. ಗುಂಪು ಅನ್ನುವ ಪದ ಕುರಿಗಳಿಗೂ ಸರಿ, ಜನರಿಗೂ ಸರಿ. ಆದರೆ ನಾಲ್ಕು ಪುಟ ಆಗುವಷ್ಟರಲ್ಲಿ ಎಲ್ಲ ವಾಕ್ಯದಲ್ಲೂ ಗುಂಪು, ಗುಂಪು. ಓದಿದರೆ ಬಾಯಲ್ಲಿ ಮರಳು ಸಿಕ್ಕ ಹಾಗೆ. ಸರ್ವನಾಮವನ್ನೇ ಬಿಟ್ಟು ಬರೆದೆ. ಆಗ ವಾಕ್ಯಗಳು ಕುಂಟಿದವು.

ಕೊನೆಗೆ ಬೇರೆ ದಾರಿ ಹಿಡಿದೆ. ಬಚ್ಚಿಡುವ ಕೆಲಸ ನಿಲ್ಲಿಸಿದೆ. ಕಥೆಯಲ್ಲಿದ್ದ ಒಬ್ಬೊಬ್ಬರಿಗೂ ಅವರವರ ವ್ಯಾಕರಣ ಕೊಟ್ಟೆ. ಕಾವಲುಗಾರ ಮೊದಲಿಂದ ಕೊನೆಯವರೆಗೂ 'ಅವು' ಅನ್ನುತ್ತಾನೆ. ವಿಜ್ಞಾನಿ ತನ್ನ ಟಿಪ್ಪಣಿಯಲ್ಲಿ 'ವಸ್ತು 1, ವಸ್ತು 2' ಅಂತ ಬರೆದುಕೊಳ್ಳುತ್ತಾಳೆ. ಕಾವಲುಗಾರನ ಮಗಳು, ಎಂಟು ವರ್ಷದವಳು, ಕಿಟಕಿಯಿಂದ ನೋಡಿ ಹೇಳುವ ಮೊದಲ ಮಾತೇ 'ಅಪ್ಪಾ, ಅವರಿಗೆ ಚಳಿ ಆಗ್ತಿದೆ'. ಅಪ್ಪ ತಕ್ಷಣ ತಿದ್ದುತ್ತಾನೆ: 'ಅವಕ್ಕೆ'. ಅಷ್ಟೇ. ಇಂಗ್ಲಿಷ್ ಮೂಲದಲ್ಲಿ ಈ ಜಗಳ ಇಲ್ಲ, ಇರಲಿಕ್ಕೂ ಸಾಧ್ಯವಿಲ್ಲ. ಕನ್ನಡದಲ್ಲಿ ಇಡೀ ಕಥೆ ಆ ಎರಡು ಪದಗಳ ನಡುವೆ ನಿಂತುಕೊಂಡಿತು. ಕೊನೆಯ ಪುಟದಲ್ಲಿ ವಿಜ್ಞಾನಿಯ ಟಿಪ್ಪಣಿ 'ವಸ್ತು 3 ನಮ್ಮ ಕಡೆ ತಿರುಗಿತು' ಅಂತ ಶುರುವಾಗಿ, ಮೂರು ಸಾಲು ಕೆಳಗೆ 'ಅವರು ಕಾಯುತ್ತಿದ್ದಾರೆ' ಅಂತ ಮುಗಿಯುತ್ತದೆ. ಯಾಕೆ ಬದಲಾಯಿತು ಅಂತ ನಾನು ಎಲ್ಲೂ ವಿವರಿಸಲಿಲ್ಲ. ಓದಿದವರೆಲ್ಲ ಅದೇ ಸಾಲನ್ನು ಹಿಡಿದು ಮಾತಾಡಿದರು.

ಅಂದಿನಿಂದ ಆಕಾಶದಿಂದ ಬರುವ ಯಾವುದನ್ನೇ ಬರೆಯುವಾಗಲೂ ನನ್ನ ಮೊದಲ ಪ್ರಶ್ನೆ ಒಂದೇ. ಇದನ್ನು ನೋಡುತ್ತಿರುವವರು ಯಾರು? ಅವರ ಬಾಯಲ್ಲಿ ಇದಕ್ಕೆ ಏನು ಹೆಸರು?

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. 'ಅದು' ಅಂದ ಮಾತ್ರಕ್ಕೆ ಕಡೆಗಣಿಸಿದ ಹಾಗೆ ಆಗುವುದಿಲ್ಲ. ನಾವು ಮಗುವನ್ನು ಕೂಡ 'ಅದು' ಅನ್ನುತ್ತೇವೆ, ಅಲ್ವಾ? 'ಮಗು ಮಲಗಿತು', 'ಮಗು ನಕ್ಕಿತು'. ಎಷ್ಟು ಪ್ರೀತಿ ಇರುತ್ತದೆ ಅದರಲ್ಲಿ! ಬೇರೆ ಲೋಕದಿಂದ ಬಂದದ್ದನ್ನು ಒಬ್ಬ ಹೆಂಗಸು ಮೊದಲು ಹೆದರಿ 'ಅದು' ಅನ್ನುತ್ತಾಳೆ, ಕೊನೆಗೆ ಮಗುವನ್ನು ಕರೆದ ಹಾಗೆ 'ಅದು' ಅನ್ನುತ್ತಾಳೆ. ಪದ ಅದೇ, ದನಿ ಬೇರೆ. ಇದೇ ಎಳೆ ಹಿಡಿದು ಒಂದು ಪೂರ್ತಿ ಕಥೆ ಬರೆದಿದ್ದೇನೆ.

ಇನ್ನು ನಮ್ಮ ಆಕಾಶ ಮೊದಲೇ ಜನರಿಂದ ತುಂಬಿದೆ. 'ಸೂರ್ಯ ಮುಳುಗಿದ', 'ಚಂದ್ರ ಬಂದ' ಅನ್ನುವುದು ದಿನಬಳಕೆಯ ಮಾತು. ಆದರೆ ಗುರುಗ್ರಹದ ಸುತ್ತ ತಿರುಗುವವನ್ನು 'ಚಂದ್ರರು' ಅನ್ನುವುದಿಲ್ಲ, 'ಚಂದ್ರಗಳು' ಅನ್ನುತ್ತೇವೆ. ನಮ್ಮ ಚಂದ್ರ ಅವನು, ಗುರುವಿನ ಚಂದ್ರ ಅದು. ದೂರದ ಲೋಕಕ್ಕೆ ಹೋದ ಪಾತ್ರ ಅಲ್ಲಿನ ಸೂರ್ಯನನ್ನು ಯಾವತ್ತು 'ಮುಳುಗಿತು' ಅನ್ನುವುದು ಬಿಟ್ಟು 'ಮುಳುಗಿದ' ಅನ್ನುತ್ತದೋ, ಅವತ್ತು ಅದಕ್ಕೆ ಆ ಜಾಗ ಒಗ್ಗಿತು ಅಂತ ಲೆಕ್ಕ. ಈ ಗುರುತನ್ನು ಎರಡು ಕಥೆಗಳಲ್ಲಿ ಸದ್ದಿಲ್ಲದೆ ಬಳಸಿದ್ದೇನೆ.

ಈಗ 'ಅನ್ಯಗ್ರಹ ಜೀವಿ' ಅನ್ನುವ ಪದಕ್ಕೆ ಬರುತ್ತೇನೆ. ಇದರ ಜೊತೆ ನನ್ನ ತಕರಾರು ಹಳೆಯದು. ಪತ್ರಿಕೆಗಳಲ್ಲಿ ಇದೇ ಬಳಕೆ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಈ ಎರಡು ಪದಗಳೊಳಗೆ ಮೂರು ಊಹೆಗಳು ಕೂತಿವೆ. ಅದು ಬೇರೆ ಕಡೆಯದು, ಅದರ ಮನೆ ಒಂದು ಗ್ರಹ, ಅದಕ್ಕೆ ಜೀವ ಇದೆ. ಕಥೆ ಶುರುವಾಗುವ ಹೊತ್ತಿಗೆ ಈ ಮೂರರಲ್ಲಿ ಒಂದೂ ಖಾತ್ರಿ ಇರುವುದಿಲ್ಲ. ನನ್ನ ಮೊದಲ ಸ್ವಂತ ಕಥೆಯಲ್ಲಿ ಬಂದದ್ದು ನಕ್ಷತ್ರಗಳ ನಡುವಿನ ಕತ್ತಲೆಯಲ್ಲೇ ಹುಟ್ಟಿ ಬೆಳೆದದ್ದು, ಅದಕ್ಕೆ ಗ್ರಹವೇ ಇಲ್ಲ. ನಾನು ಯೋಚಿಸದೆ ಎರಡನೇ ಪುಟದಲ್ಲಿ 'ಅನ್ಯಗ್ರಹ ಜೀವಿ' ಅಂತ ಹಾಕಿದ್ದೆ. ಓದಿದ ಗೆಳೆಯರೊಬ್ಬರು ಕೇಳಿದರು, 'ಯಾವ ಗ್ರಹದ್ದು ಅಂತ ಕೊನೆವರೆಗೂ ಕಾದೆ, ನೀವು ಹೇಳಲೇ ಇಲ್ಲವಲ್ಲ?' ಅವರದು ತಪ್ಪಿಲ್ಲ. ಪದವೇ ಮಾತು ಕೊಟ್ಟಿತ್ತು, ಕಥೆ ಅದನ್ನು ಉಳಿಸಿಕೊಳ್ಳಲಿಲ್ಲ.

ಹೆಸರು ಹೇಗೆ ಬದಲಾಗಬೇಕು ಅನ್ನುವುದನ್ನು ನಾನು ಕಲಿತದ್ದು ಒಂದು ನಿಜವಾದ ಅತಿಥಿಯಿಂದ. 2017ರ ಅಕ್ಟೋಬರ್ 19ರಂದು ಹವಾಯಿಯ ಪ್ಯಾನ್‌ಸ್ಟಾರ್ಸ್ ದೂರದರ್ಶಕಕ್ಕೆ ವೇಗವಾಗಿ ಓಡುವ ಒಂದು ಸಣ್ಣ ಚುಕ್ಕಿ ಸಿಕ್ಕಿತು. ಮೊದಲು ಅದನ್ನು ಧೂಮಕೇತು ಅಂದುಕೊಂಡರು. ಹೆಸರಿನ ಮುಂದೆ ಧೂಮಕೇತುವಿನ 'ಸಿ' ಅಕ್ಷರ ಬಂತು. ಬಾಲವೂ ಇಲ್ಲ, ಸುತ್ತ ಧೂಳಿನ ಮಬ್ಬೂ ಇಲ್ಲ ಅಂತ ಗೊತ್ತಾದಾಗ 'ಸಿ' ಹೋಗಿ ಕ್ಷುದ್ರಗ್ರಹದ 'ಎ' ಬಂತು. ಅದರ ದಾರಿ ಲೆಕ್ಕ ಹಾಕಿದಾಗ ಅದು ನಮ್ಮ ಸೌರಮಂಡಲದ್ದೇ ಅಲ್ಲ ಅಂತ ಖಚಿತವಾಯಿತು. ಅದಕ್ಕೆ ಹೊಂದುವ ಅಕ್ಷರವೇ ಇರಲಿಲ್ಲ. ಹೊಸದಾಗಿ 'ಐ' ಅಂತ ಒಂದನ್ನು ಮಾಡಿ 1ಐ ಅಂತ ಕರೆದರು. ಜೊತೆಗೆ ಹವಾಯಿ ಭಾಷೆಯಲ್ಲಿ ಓಮುವಾಮುವಾ ಅನ್ನುವ ಹೆಸರು. ದೂರದಿಂದ ಮೊದಲಿಗೆ ಬಂದ ದೂತ ಅಂತ ಅದರ ಅರ್ಥ. ಮೂರು ವಾರದೊಳಗೆ ಮೂರು ಗುರುತು! 2019ರ ಆಗಸ್ಟಿನಲ್ಲಿ ಬೋರಿಸೋವ್ ಅನ್ನುವ ಹವ್ಯಾಸಿ ವೀಕ್ಷಕರು ಎರಡನೆಯದನ್ನು ಕಂಡರು, 2025ರ ಜುಲೈ 1ರಂದು ಚಿಲಿಯ ಅಟ್ಲಾಸ್ ದೂರದರ್ಶಕಕ್ಕೆ ಮೂರನೆಯದು ಸಿಕ್ಕಿತು. ಅವೆರಡಕ್ಕೂ ಅಕ್ಷರ ಸಿದ್ಧವಾಗಿತ್ತು, 2ಐ ಮತ್ತು 3ಐ.

ನಾನು ಈಗ ಕಥೆ ಬರೆಯುವ ಮುಂಚೆ ಹೀಗೇ ಒಂದು ಹೆಸರಿನ ಏಣಿ ಮಾಡಿಕೊಳ್ಳುತ್ತೇನೆ. ಕೆಳಗಿನ ಮೆಟ್ಟಿಲಲ್ಲಿ ಕಣ್ಣಿಗೆ ಕಂಡದ್ದು ಮಾತ್ರ: ಬೆಳಕು, ಗೆರೆ, ಕಪ್ಪು ಚುಕ್ಕಿ. ಅದರ ಮೇಲೆ ಹೋಲಿಕೆ: ಉಂಡೆ, ಕೊಳವೆ, ಮೊಟ್ಟೆಯಂಥದ್ದು. ಅದರ ಮೇಲೆ ಊಹೆ: ಕಲ್ಲು, ನೌಕೆ, ಪ್ರಾಣಿ. ಎಲ್ಲಕ್ಕಿಂತ ಮೇಲೆ, ಸಿಕ್ಕರೆ, ಅದು ತನ್ನನ್ನು ತಾನು ಕರೆದುಕೊಳ್ಳುವ ಹೆಸರು. ಪಾತ್ರಗಳಿಗೆ ಎಷ್ಟು ಗೊತ್ತೋ ಅಷ್ಟೇ ಮೆಟ್ಟಿಲು ಹತ್ತಬೇಕು. ಬಹಳ ಕಥೆಗಳು ಕೆಡುವುದು ನೇರವಾಗಿ ಮೂರನೇ ಮೆಟ್ಟಿಲಲ್ಲಿ ಶುರುವಾಗುವುದರಿಂದ. ಬೆಳಕು ಕಂಡ ಕೂಡಲೇ 'ಅಂತರಿಕ್ಷ ನೌಕೆ' ಅಂತ ಬರೆದುಬಿಟ್ಟರೆ ಆಮೇಲೆ ಓದುಗರಿಗೆ ಕಂಡುಹಿಡಿಯಲು ಏನು ಉಳಿಯಿತು?

ಎರಡನೇ ಮೆಟ್ಟಿಲು, ಅಂದರೆ ಹೋಲಿಕೆ, ಎಷ್ಟು ಅಪಾಯದ್ದು ಅನ್ನುವುದಕ್ಕೆ ಹಾರುವ ತಟ್ಟೆಯೇ ಸಾಕ್ಷಿ. 1947ರ ಜೂನ್ 24ರಂದು ಕೆನೆತ್ ಆರ್ನಾಲ್ಡ್ ಅನ್ನುವ ಪೈಲಟ್ ಅಮೆರಿಕದ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡ. ತಟ್ಟೆಯೊಂದನ್ನು ನೀರಿನ ಮೇಲೆ ಎಸೆದರೆ ಅದು ನೆಗೆನೆಗೆದು ಹೋಗುವ ಹಾಗೆ ಹಾರುತ್ತಿದ್ದವು ಅಂದದ್ದಾಗಿ ಆತ ಆಮೇಲೆ ವಿವರಿಸಿದ. ಅಂದರೆ ಆ ಹೋಲಿಕೆ ಓಟದ್ದು. ಪತ್ರಿಕೆಗಳು ಅದನ್ನು ಆಕಾರಕ್ಕೆ ಅಂಟಿಸಿ 'ಹಾರುವ ತಟ್ಟೆ' ಮಾಡಿದವು. ಅಲ್ಲಿಂದ ಮುಂದೆ ಜನರಿಗೆ ಆಕಾಶದಲ್ಲಿ ತಟ್ಟೆಗಳೇ ಕಾಣತೊಡಗಿದವು, ಚಿತ್ರಗಳಲ್ಲಿ ತಟ್ಟೆಗಳೇ ಬಂದವು.

ಇದಕ್ಕಿಂತ ದೊಡ್ಡ ಕಥೆ ಮಂಗಳದ್ದು. ಅನುವಾದಕನಾಗಿ ನನಗೆ ಇದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. 1877ರಲ್ಲಿ ಇಟಲಿಯ ಖಗೋಳ ವಿಜ್ಞಾನಿ ಸ್ಕಿಯಾಪರೆಲ್ಲಿ ಮಂಗಳದ ಮೇಲೆ ಗೆರೆಗಳನ್ನು ಕಂಡು 'ಕನಾಲಿ' ಅಂತ ಕರೆದ. ಇಟಾಲಿಯನ್ ಭಾಷೆಯಲ್ಲಿ ಅದು ತಾನಾಗಿ ಆದ ಹರಿವಿನ ದಾರಿಗೂ ಸಲ್ಲುತ್ತದೆ, ತೋಡಿದ ಕಾಲುವೆಗೂ ಸಲ್ಲುತ್ತದೆ. ಇಂಗ್ಲಿಷಿಗೆ ಅದು 'ಕೆನಾಲ್' ಅಂತ ಹೋಯಿತು. ಸೂಯೆಜ್ ಕಾಲುವೆ ತೆರೆದು ಆಗ ಎಂಟೇ ವರ್ಷ. ಕಾಲುವೆ ಅಂದರೆ ಯಾರೋ ತೋಡಿರಬೇಕು. ಯಾರೋ ತೋಡಿದ್ದಾರೆ ಅಂದರೆ ಅಲ್ಲಿ ಯಾರೋ ಇದ್ದಾರೆ. ಅಮೆರಿಕದ ಪರ್ಸಿವಲ್ ಲೋವೆಲ್ 1894ರಿಂದ ಅರಿಜೋನದಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಕೊಂಡು ಆ ಕಾಲುವೆಗಳ ನಕ್ಷೆ ಬರೆದ. ಒಣಗುತ್ತಿರುವ ಗ್ರಹ, ಧ್ರುವದಿಂದ ನೀರು ತರುವ ಜಾಣ ಜನ ಅಂತ ಪುಸ್ತಕಗಳನ್ನೇ ಬರೆದ. 1965ರ ಜುಲೈನಲ್ಲಿ ಮ್ಯಾರಿನರ್ 4 ನೌಕೆ ಹತ್ತಿರದಿಂದ ಚಿತ್ರ ಕಳಿಸಿದಾಗ ಕಂಡದ್ದು ಕುಳಿಗಳು. ಕಾಲುವೆ ಒಂದೂ ಇಲ್ಲ. ಕನ್ನಡದಲ್ಲಿ ಇದನ್ನು ಹೇಳಬೇಕಾಗಿದ್ದರೆ ಮೊದಲ ದಿನವೇ 'ಹಳ್ಳ' ಅನ್ನಬೇಕೋ 'ಕಾಲುವೆ' ಅನ್ನಬೇಕೋ ಅಂತ ತೀರ್ಮಾನ ಆಗಬೇಕಿತ್ತು. ಹಳ್ಳ ತಾನಾಗಿ ಹರಿಯುತ್ತದೆ, ಕಾಲುವೆಯನ್ನು ತೋಡಬೇಕು. ನನ್ನ ಮೇಜಿನ ಮುಂದಿನ ಗೋಡೆಗೆ ಈ ಎರಡೇ ಪದ ಬರೆದು ಅಂಟಿಸಿದ್ದೇನೆ.

ಕಲ್ಲುಗಳ ವಿಷಯದಲ್ಲಿ ನಾನು ಜಾಸ್ತಿ ತಪ್ಪು ಮಾಡಿದ್ದೇನೆ. ಮೊದಮೊದಲು ಉಲ್ಕೆ, ಉಲ್ಕಾಶಿಲೆ, ಕ್ಷುದ್ರಗ್ರಹ ಮೂರನ್ನೂ ಒಂದೇ ಎಂಬಂತೆ ಬಳಸುತ್ತಿದ್ದೆ. ಬಾಹ್ಯಾಕಾಶದಲ್ಲಿ ಸುತ್ತುತ್ತಿರುವ ದೊಡ್ಡ ಬಂಡೆ ಕ್ಷುದ್ರಗ್ರಹ. ಚೂರೊಂದು ಗಾಳಿಗೆ ಬಂದು ಉರಿಯುವಾಗ ಕಾಣುವ ಬೆಳಕಿನ ಗೆರೆ ಉಲ್ಕೆ. ಉರಿದು ಉಳಿದು ನೆಲ ಮುಟ್ಟಿದ್ದು ಉಲ್ಕಾಶಿಲೆ. ಒಂದೇ ಕಲ್ಲಿಗೆ ಅದು ಇರುವ ಜಾಗದ ಮೇಲೆ ಹೆಸರು. 'ಉಲ್ಕೆಯನ್ನು ಕೈಯಲ್ಲಿ ಹಿಡಿದ' ಅಂತ ಬರೆದರೆ ಬೆಳಕನ್ನು ಹಿಡಿದ ಹಾಗಾಯಿತು.

ಇನ್ನೊಂದು ತಪ್ಪು ಪದದ ಜೊತೆಗೇ ಬಂತು. ಉಲ್ಕೆ ಅಂದರೆ ಸಂಸ್ಕೃತದಲ್ಲಿ ಉರಿಯುವ ಕೊಳ್ಳಿ. ಹಾಗಾಗಿ ನನ್ನ ಕಥೆಯಲ್ಲಿ ಬಿದ್ದ ಕಲ್ಲು ಕೆಂಡದ ಹಾಗೆ ಹೊಳೆಯುತ್ತಿತ್ತು, ಸುತ್ತಲ ಹುಲ್ಲು ಹೊತ್ತಿಕೊಂಡಿತ್ತು. ಸಣ್ಣ ಕಲ್ಲುಗಳ ವಿಷಯದಲ್ಲಿ ಹೀಗಾಗುವುದಿಲ್ಲ. ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬಂದು ಉರಿಯುವುದು ಕೆಲವೇ ಸೆಕೆಂಡು. ಅದೂ ಮೇಲ್ಮೈ ಮಾತ್ರ, ಕರಗಿದ್ದು ಕರಗಿದ ಹಾಗೆ ಕಳಚಿ ಹೋಗುತ್ತದೆ. ಆಮೇಲೆ ವೇಗ ಕಳೆದುಕೊಂಡು, ಬೆಳಕಿಲ್ಲದೆ, ಸುಮ್ನೆ ಒಂದು ಕಲ್ಲು ಬೀಳುವ ಹಾಗೆ ಬೀಳುತ್ತದೆ. ಒಳಗೆ ಬಾಹ್ಯಾಕಾಶದ ಚಳಿ ಹಾಗೇ ಇರುತ್ತದೆ.

ಇದನ್ನು ಓದಿ ತಿಳಿದದ್ದಕ್ಕಿಂತ ಮುಟ್ಟಿ ತಿಳಿದದ್ದು ಹೆಚ್ಚು. ಸಂಗ್ರಹಕಾರರೊಬ್ಬರು ಒಮ್ಮೆ ಒಂದು ಉಲ್ಕಾಶಿಲೆಯನ್ನು ನನ್ನ ಅಂಗೈಯಲ್ಲಿ ಇಟ್ಟರು. ನಿಂಬೆಹಣ್ಣಿನಷ್ಟು ದೊಡ್ಡದು. ಮೊದಲು ತಿಳಿದದ್ದು ತೂಕ. ಅಷ್ಟು ಸಣ್ಣದು ಅಷ್ಟು ಭಾರ ಇರುತ್ತದೆ ಅಂತ ಕೈ ನಂಬಲಿಲ್ಲ. ಮೈ ಮೇಲೆ ಕಪ್ಪು ಸಿಪ್ಪೆ, ಒಂದು ಮಿಲಿಮೀಟರ್ ಕೂಡ ಇಲ್ಲ. ಒಂದು ಮೂಲೆ ಒಡೆದಿತ್ತು. ಅಲ್ಲಿ ಒಳಗಿನ ಬೂದು ಬಣ್ಣ, ಅದರಲ್ಲಿ ಮಿನುಗುವ ಕಬ್ಬಿಣದ ಕಣಗಳು. ಮೇಲೆಲ್ಲ ಹಸಿ ಮಣ್ಣಿಗೆ ಹೆಬ್ಬೆರಳು ಒತ್ತಿದಂಥ ತಗ್ಗುಗಳು. ನನ್ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತು. ಅಯಸ್ಕಾಂತ ಹತ್ತಿರ ತಂದರು, ಟಕ್ ಅಂತ ಅಂಟಿಕೊಂಡಿತು. ಆ ರಾತ್ರಿ ಹಳೆಯ ಕಥೆಯ ಕೆಂಡವನ್ನು ತೆಗೆದುಹಾಕಿದೆ. ಹೊಸದರಲ್ಲಿ ಮುದುಕನೊಬ್ಬ ಬೆಳಿಗ್ಗೆ ಹೋಗಿ ಕಲ್ಲು ಮುಟ್ಟುತ್ತಾನೆ. ಸುಡುತ್ತದೆ ಅಂತ ಕೈ ಹಿಂದೆಗೆಯುತ್ತಾನೆ, ಮತ್ತೆ ಮುಟ್ಟುತ್ತಾನೆ. ಕಲ್ಲು ತಣ್ಣಗಿದೆ. ಅವನಿಗೆ ಭಯ ಶುರುವಾಗುವುದೇ ಆಗ.

ಆಕಾಶದಿಂದ ಕಲ್ಲು ಬೀಳುತ್ತದೆ ಅನ್ನುವುದನ್ನು ವಿಜ್ಞಾನ ಒಪ್ಪಿಕೊಂಡದ್ದು ತಡವಾಗಿ. ಜರ್ಮನಿಯ ಕ್ಲಾಡ್ನಿ 1794ರಲ್ಲಿ ಹಾಗೆ ಬರೆದಾಗ ಹೆಚ್ಚಿನವರು ನಂಬಲಿಲ್ಲ. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೆಗ್ಲ್ ಊರಿನ ಮೇಲೆ ಸುಮಾರು ಮೂರು ಸಾವಿರ ಕಲ್ಲು ಬಿದ್ದವು. ಬಿಯೋ ಅನ್ನುವ ವಿಜ್ಞಾನಿ ಅಲ್ಲಿಗೆ ಹೋಗಿ ಕಲ್ಲು ನೋಡಿ, ಊರವರನ್ನು ಒಬ್ಬೊಬ್ಬರನ್ನಾಗಿ ಕೇಳಿ ವರದಿ ಕೊಟ್ಟ ಮೇಲೆ ಮಾತು ಬದಲಾಯಿತು. ಸಾಮಾನ್ಯ ಜನ ತಮ್ಮ ಮಾತಿನಲ್ಲಿ ಹೇಳಿದ್ದೇ ಕೊನೆಗೆ ಪುರಾವೆಯಾಯಿತು. ಕಥೆಗಾರನಿಗೆ ಇದರಲ್ಲಿ ದೊಡ್ಡ ಧೈರ್ಯ ಇದೆ. ನನ್ನ ಮುದುಕ 'ಉಲ್ಕಾಶಿಲೆ' ಅನ್ನಬೇಕಾಗಿಲ್ಲ, 'ಮೇಲಿಂದ ಬಿದ್ದ ಕಲ್ಲು' ಅಂದರೆ ಸಾಕು.

ಹಾಗಂತ ಎಲ್ಲ ಕಡೆ ಹಳೆಯ ಪದಗಳನ್ನೇ ಹುಡುಕುತ್ತೇನೆ ಅಂತಲ್ಲ. ಬಾಲಚುಕ್ಕಿ ನನಗೆ ಧೂಮಕೇತುವಿಗಿಂತ ಇಷ್ಟ, ಅದನ್ನು ಮಕ್ಕಳ ಬಾಯಲ್ಲಿ ಇಡುತ್ತೇನೆ. ಪ್ರಯೋಗಾಲಯದಲ್ಲಿ ದುಡಿಯುವವರು ಏಲಿಯನ್, ಸ್ಪೇಸ್‌ಶಿಪ್, ಸಿಗ್ನಲ್ ಅಂತಲೇ ಮಾತಾಡುತ್ತಾರೆ, ಹಾಗೇ ಬರೆಯುತ್ತೇನೆ. ನಿರೂಪಕನ ದನಿಯಲ್ಲಿ ಮಾತ್ರ 'ನೌಕೆ' ಸಾಕು. ಅದಕ್ಕೆ ಮುಂದೆ ವ್ಯೋಮ, ಗಗನ, ಅಂತರಿಕ್ಷ ಅಂತ ಸೇರಿಸುವುದನ್ನು ಬಿಟ್ಟಿದ್ದೇನೆ. ಸುತ್ತ ನೀರಿಲ್ಲ ಅಂತ ಓದುಗರಿಗೆ ಗೊತ್ತೇ ಇರುತ್ತದೆ.

ಈಗ ಬರೆಯುತ್ತಿರುವ ಕಥೆಯಲ್ಲಿ ಬಾಹ್ಯಾಕಾಶದಿಂದ ಬರುವುದು ಮನುಷ್ಯಳೇ. ಮಂಗಳದಲ್ಲಿ ಹುಟ್ಟಿ ಬೆಳೆದ ಹುಡುಗಿ, ಮೊದಲ ಸಲ ಭೂಮಿಗೆ ಬರುತ್ತಾಳೆ. ಅವಳಿಗೆ ಅನ್ಯಗ್ರಹದವರು ನಾವು. ಇಲ್ಲಿ ತೊಡಕು ಹೊಸ ಪದಗಳಲ್ಲಿ ಇಲ್ಲ, ಹಳೆಯ ಪದಗಳಲ್ಲಿ ಇದೆ. ಅಲ್ಲಿ ನೆಲ ನಡುಗಿದರೆ 'ಭೂಕಂಪ' ಅನ್ನಲಾಗದು, ಅದು ಭೂಮಿಯಲ್ಲ. ಅವಳ ಒಂದು ದಿನ ನಮ್ಮದಕ್ಕಿಂತ ಸುಮಾರು ನಲವತ್ತು ನಿಮಿಷ ಉದ್ದ. ಅವಳ ಒಂದು ವರ್ಷಕ್ಕೆ ನಮ್ಮ 687 ದಿನ. 'ನಿನಗೆ ಎಷ್ಟು ವರ್ಷ' ಅಂದರೆ ಅವಳು ಎಂಟು ಅನ್ನುತ್ತಾಳೆ. ಎದುರಿಗೆ ನಿಂತವಳು ನೋಡಿದರೆ ಹದಿನೈದರ ಹುಡುಗಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದು ಕೂರಿಸಿದ್ದು 'ತಿಂಗಳು' ಅನ್ನುವ ಪದ. ತಿಂಗಳು ಅಂದರೆ ಚಂದ್ರ, ತಿಂಗಳು ಅಂದರೆ ಅವನು ಒಂದು ಸುತ್ತು ಮುಗಿಸುವ ಕಾಲ. ಮಂಗಳಕ್ಕೆ ಎರಡು ಚಂದ್ರ. ಫೋಬೋಸ್ 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ಗ್ರಹ ತಿರುಗುವುದಕ್ಕಿಂತ ಬೇಗ ಓಡುವುದರಿಂದ ಅದು ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ಆ ಲೆಕ್ಕದಲ್ಲಿ ಅವಳ ಒಂದು ದಿನದಲ್ಲಿ ಮೂರು ತಿಂಗಳು ಕಳೆದುಹೋಗುತ್ತವೆ! ಅವಳ ಅಜ್ಜಿ ಭೂಮಿಯಿಂದ ಹೋದವಳು, 'ಇನ್ನೊಂದು ತಿಂಗಳಲ್ಲಿ ಬರ್ತೀನಿ' ಅಂತ ಹೇಳುವವಳು. ಹುಡುಗಿಗೆ ಆ ಮಾತು ಗೊತ್ತು, ಅದರ ಒಳಗಿನ ಚಂದ್ರ ಗೊತ್ತಿಲ್ಲ.

ಭೂಮಿಗೆ ಬಂದ ಮೊದಲ ರಾತ್ರಿ ಅವಳು ಹೊರಗೆ ನಿಂತು ಪಶ್ಚಿಮದ ಕಡೆ ನೋಡುತ್ತಿರುತ್ತಾಳೆ. ಚಂದ್ರ ಹಿಂದಿನಿಂದ ಬರುತ್ತಾನೆ. ನೆರಳು ಮುಂದೆ ಬಿದ್ದಾಗ ಅವಳು ತಿರುಗುತ್ತಾಳೆ. ಫೋಬೋಸ್‌ಗಿಂತ ಮೂರು ಪಟ್ಟು ಅಗಲ, ಪೂರ್ತಿ ದುಂಡಗೆ, ಅಲುಗಾಡದೆ ನಿಂತ ಹಾಗೆ. ಅವಳ ಬಾಯಿಂದ ಬರುವ ಮಾತನ್ನು ಹನ್ನೊಂದು ಸಲ ಬರೆದು ಹೊಡೆದುಹಾಕಿದ್ದೇನೆ. 'ಏನದು' ಅಂತ ಒಂದು ಕರಡಿನಲ್ಲಿ ಇದೆ. ನಿನ್ನೆಯ ಕರಡಿನಲ್ಲಿ ಅವಳು ಪಕ್ಕದಲ್ಲಿದ್ದವರನ್ನು ಮೆಲ್ಲಗೆ ಕೇಳುತ್ತಾಳೆ, 'ಯಾರದು?'